ಎದುರಿನ ಕಾರಿನಲ್ಲಿ ಯಾರಿದ್ದರು?

ಹಳೆಯ ವಿಡಿಯೊ ಗೇಮ್‌ಗಳನ್ನು ಹುಡುಕಿ ತರುವುದು ನನ್ನ ಹುಚ್ಚು. ಇವತ್ತು ಹೊನ್ನಾಳಿಯ ಮನೆಯಲ್ಲಿ ಒಂದನ್ನು ಟಿವಿಗೆ ಜೋಡಿಸಿದೆ. ಕಾದ ಅಡಾಪ್ಟರಿನ ವಾಸನೆಗೆ ಬಾಲ್ಯದ ಒಂದು ಸಂಜೆ ನೆನಪಾಯಿತು.

ಅಪ್ಪ ಲಾರಿ ಓಡಿಸುತ್ತಿದ್ದವರು. ಸವಳಂಗದ ಹತ್ತಿರ ಅಪಘಾತವಾದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಾವ ತಂದುಕೊಟ್ಟ ಗೇಮಿನಲ್ಲಿ ನಾನು ಕಾರು ಓಡಿಸುವುದನ್ನು ಅವರು ಬಾಗಿಲಿಗೆ ಒರಗಿ ನೋಡುತ್ತಿದ್ದರು. ಆ ಸಂಜೆ ಮಾತ್ರ, "ಕೊಡಿಲ್ಲಿ" ಎಂದು ಗೇಮಿನ ರಿಮೋಟ್ ಇಸಿದುಕೊಂಡರು.

ರಸ್ತೆಯ ಎಡಬದಿಯಲ್ಲೇ ನಿಧಾನವಾಗಿ ಹೋದರು. ಆದರೂ ತಿರುವಿನಲ್ಲಿ ಅವರ ಕಾರು ಎದುರಿನ ಕಾರಿಗೆ ಗುದ್ದಿತು.

"ಏನೂ ಆಗಲ್ಲಪ್ಪ, ನಿಂಗಿನ್ನೂ ಎರಡು ಲೈಫ್ ಐತೆ" ಎಂದೆ.

"ನಂಗೈತೆ. ಎದುರಿನ ಗಾಡೀಲಿದ್ದೋರಿಗೆ?"

"ಅದ್ರಾಗೆ ಯಾರೂ ಇರಲ್ಲ."

"ನಿಂಗೆ ಹೆಂಗೆ ಗೊತ್ತು?"

ನಾನು ಟಿವಿಗೆ ಮೂಗು ತಾಗಿಸಿ ಆ ಕಾರಿನ ಕಿಟಕಿಯೊಳಗೆ ಹುಡುಕಿದೆ. ಬರೀ ಬಣ್ಣದ ಚುಕ್ಕೆಗಳು. ತಿರುಗಿದರೆ ಅಪ್ಪ ಅಳುತ್ತಿದ್ದರು. ಆಟಕ್ಕೆ ಯಾರಾದರೂ ಅಳುತ್ತಾರೆಯೇ? ಏನೂ ತಿಳಿಯದೆ ಟಿವಿ ಆರಿಸಿದೆ.

"ಯಾವ ಆಟನೋ ಅದು?" ಇಷ್ಟು ವರ್ಷಗಳ ಮೇಲೆ ಅಪ್ಪ ಈಗ ಮತ್ತೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ.

ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಅವರು ಮತ್ತೆ ಅತ್ತರೆ ಏನು ಮಾಡಬೇಕೋ ಇವತ್ತಿಗೂ ಗೊತ್ತಾಗುತ್ತಿಲ್ಲ.