ಸ್ತೋತ್ರಕ್ಕನ ನಾಲಿಗೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅರ್ಧ ಆಯುಸ್ಸು ಸವೆಸಿದ ಈ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಅದು ಹಾಜರಿ ಕೂಗುವಾಗ ಮಾತ್ರ ಕೇಳಿಸುತ್ತದೆ. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಸ್ತೋತ್ರಕ್ಕ. ಏನೇ ಆಗಲಿ, ಅವಳ ಬಾಯಿಂದ ಮೊದಲು ಹೊರಡುವುದು ಅದೊಂದೇ ಮಾತು. ಬಿಸಿಲು ಬಂತೇ, ದೇವರಿಗೆ ಸ್ತೋತ್ರ. ಹಾಳು ಮಳೆ ಹೊಡೆದು ಒಣಗಿದ್ದೆಲ್ಲ ಮತ್ತೆ ಒದ್ದೆಯಾಯಿತೇ, ಅದಕ್ಕೂ ಸ್ತೋತ್ರ. ಒಮ್ಮೆ ಇಸ್ತ್ರಿ ಯಂತ್ರ ಹೆಬ್ಬೆರಳನ್ನು ಸುಟ್ಟಾಗ “ಅಯ್ಯಯ್ಯೋ ಸ್ತೋತ್ರ!” ಎಂದು ಕಿರುಚಿದಳು. ಇಡೀ ವಿಭಾಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೆರಳನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಅವಳೂ ನಕ್ಕಳು.

ಬೂಟಾಟಿಕೆ ಅಂದುಕೊಳ್ಳಬೇಡಿ ಮತ್ತೆ. ಅದು ಅವರಮ್ಮ ಕಲಿಸಿದ ಪಾಠ. ಆ ತಾಯಿ ಪ್ರತಿ ಭಾನುವಾರ ಇಬ್ಬರು ಹೆಣ್ಣುಮಕ್ಕಳನ್ನೂ ಚರ್ಚಿನ ಸಭೆಯ ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದಳು. ದೇವರು ಕೊಟ್ಟರೂ ಸ್ತೋತ್ರ ಹೇಳಬೇಕು, ಕಿತ್ತುಕೊಂಡರೂ ಹೇಳಬೇಕು ಎಂಬ ಪಾದ್ರಿಯ ಪ್ರಸಂಗ ಅಲ್ಲಿ ಕೇಳಿಸಿ, ಮನೆಗೆ ಬಂದು ತಾನೊಮ್ಮೆ ಒಪ್ಪಿಸುತ್ತಿದ್ದಳು. ದೊಡ್ಡವಳು ಅದನ್ನು ಹಾಲಿನ ಜೊತೆಗೇ ಕುಡಿದಳು. ಚಿಕ್ಕವಳು ಕಿಲಾಡಿ. “ಅಮ್ಮ, ಹಲ್ಲುನೋವಿಗೂ ಈಗಲೇ ಹೇಳ್ಬೇಕಾ? ಹಲ್ಲು ಬಿದ್ಮೇಲೆ ಹೇಳಿದ್ರೆ ಸಾಲದಾ?” ಎಂದು ಕೇಳಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದಳು.

ಬೆಳೆದ ಮೇಲೆ ಆ ಚಿಕ್ಕವಳೂ ಅಕ್ಕನ ಜೊತೆ ಇದೇ ಕೆಲಸಕ್ಕೆ ಸೇರಿದಳು. ಹಾಸಿಗೆಯ ದೊಡ್ಡ ಹೊದಿಕೆ ಮಡಿಸಲು ಇಬ್ಬರು ಬೇಕು. ತಲಾ ಎರಡು ಮೂಲೆ ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಅಕ್ಕತಂಗಿಯರು ಬಟ್ಟೆಯ ಕಡೆ ಕಣ್ಣೆತ್ತಿಯೂ ನೋಡದೆ, ಊರ ಉಸಾಬರಿಯನ್ನೆಲ್ಲ ಹರಟುತ್ತಾ, ಗುಡ್ಡದಷ್ಟು ಮಡಿಸಿ ಹಾಕುತ್ತಿದ್ದರು. ಈಗ ಎದುರು ನಿಲ್ಲುವವಳು ಒಳ್ಳೆಯವಳೇ, ಆದರೆ ಅವಸರದವಳು, ಬೇಗ ಎಳೆದುಬಿಡುತ್ತಾಳೆ. ಮೂಲೆ ಕೈಜಾರಿದಾಗಲೆಲ್ಲ ಸ್ತೋತ್ರಕ್ಕ ಬಗ್ಗಿ ಅದನ್ನು ಎತ್ತಿಕೊಳ್ಳುತ್ತಾಳೆ. ತಂಗಿ ಇದ್ದಿದ್ದರೆ, ಎಂದುಕೊಳ್ಳುತ್ತಾಳೆ.

ಅವಳೇನು ಸತ್ತಿಲ್ಲ. ಎರಡು ಬೀದಿ ಆಚೆ ಇದ್ದಾಳೆ. ಸತ್ತವರಿಗಾದರೆ ಅತ್ತು ಮುಗಿಸಬಹುದು, ಎರಡು ಬೀದಿ ಆಚೆ ಇರುವವಳಿಗೆ ಏನು ಮಾಡುವುದು?

ನಡೆದದ್ದು ಇಷ್ಟು. ಮದುವೆಯಾಗಿ ಬಹಳ ಕಾಲದ ಮೇಲೆ ತಂಗಿ ಬಸುರಿಯಾದಳು. ಇದೇ ಆಸ್ಪತ್ರೆಯಲ್ಲಿ ಹೆರಿಗೆ. ಕೂಸಿಗೆ ಮೆತ್ತಗಿರಲಿ ಎಂದು ಸ್ತೋತ್ರಕ್ಕ ಹಳೆಯ ಹತ್ತಿ ಬಟ್ಟೆಯನ್ನು ಒಗೆದೊಗೆದು ಬೆಣ್ಣೆ ಮಾಡಿಟ್ಟುಕೊಂಡು ಬಾಗಿಲ ಬಳಿ ಕಾದಿದ್ದಳು. ಬೆಳಗ್ಗೆ ವೈದ್ಯರು ಹೊರಗೆ ಬಂದು, ತಲೆ ತಗ್ಗಿಸಿ, “ಮಗು ಉಳೀಲಿಲ್ಲಮ್ಮ” ಎಂದರು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ತಂಗಿ. ಕೇಳಿದ್ದು ತಲೆಗೆ ಇಳಿಯುವ ಮೊದಲೇ ಸ್ತೋತ್ರಕ್ಕನ ನಾಲಿಗೆ ತನ್ನ ಕೆಲಸ ಮಾಡಿ ಮುಗಿಸಿತ್ತು. “ಸ್ತೋತ್ರ” ಎಂದಿತು. ಜೋರಾಗಿ, ಸ್ಪಷ್ಟವಾಗಿ, ದಿನಾ ಅನ್ನುವ ಹಾಗೆಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮುತ್ತಾಗಿದ್ದರೆ ಹೇಗೋ ಇನ್ನೊಂದು ಹೊಂದಿಸಬಹುದಿತ್ತು. ತಂಗಿ ಅಳಲಿಲ್ಲ, ಬೈಯಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಕೆಲಸ ಬಿಟ್ಟಳು, ಸಭೆಗೆ ಬರುವುದನ್ನೂ ಬಿಟ್ಟಳು. ಸ್ತೋತ್ರಕ್ಕ ಮನೆಗೆ ಹೋದಾಗಲೆಲ್ಲ ತಂಗಿಯ ಗಂಡ ಬಾಗಿಲಲ್ಲೇ ನಿಂತು, “ಮಲಗಿದ್ದಾಳೆ ಅಕ್ಕ” ಎನ್ನುತ್ತಿದ್ದ. ಅಲ್ಲ, ನಡುಹಗಲಲ್ಲಿ ದಿನಾ ಯಾರು ಮಲಗುತ್ತಾರೆ? ಕಡೆಗೆ ಇವಳು ಹೋಗುವುದನ್ನೇ ನಿಲ್ಲಿಸಿದಳು.

ವರ್ಷಗಳು ಉರುಳಿದವು. ಬಸ್ ನಿಲ್ದಾಣದಲ್ಲಿ ಎದುರಾದರೆ ತಂಗಿ ಬಾರದ ಬಸ್ಸನ್ನು ದಿಟ್ಟಿಸಿ ನೋಡುತ್ತಾ ನಿಲ್ಲುತ್ತಾಳೆ. ಸ್ತೋತ್ರಕ್ಕ ತನ್ನ ಬಸ್ಸು ಹತ್ತಿ, ಕಿಟಕಿಯಿಂದ ಆ ಬೆನ್ನನ್ನು ಕಣ್ಣಿಗೆ ಕಾಣುವಷ್ಟು ದೂರವೂ ನೋಡುತ್ತಾಳೆ. ಜಡೆ ಇಲಿಬಾಲದಷ್ಟಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾಳೆ. “ದೇವರ ಸಮಯ ಬಂದೇ ಬರುತ್ತೆ, ಅದಕ್ಕೂ ಸ್ತೋತ್ರ ಹೇಳು” ಎಂದು ಸಭೆಯ ಹಿರಿಯರು ಸಮಾಧಾನ ಮಾಡಿದರು. ಹೇಳಿದಳು. ಹೇಳಿ ಹೇಳಿ ಬಾಯಿ ಒಣಗಿತು, ಆಸೆ ಮಾತ್ರ ಒಣಗಲಿಲ್ಲ.

ಈ ವರ್ಷದ ಕೃತಜ್ಞತಾ ಆರಾಧನೆ ಬಂತು. ಹೊಸ ಪಾದ್ರಿ ಅಯ್ಯನವರು, ವಯಸ್ಸು ಚಿಕ್ಕದು, ಗಂಟಲು ದೊಡ್ಡದು. “ಇಲ್ಲದ್ದನ್ನ ನೆನೆದು ಕೊರಗಬೇಡಿ, ಮರೆತುಬಿಡಿ. ಇರೋದಕ್ಕೆ ಸ್ತೋತ್ರ ಹೇಳಿ” ಎಂದು ಪ್ರಸಂಗ ಮುಗಿಸಿ, ಒಬ್ಬೊಬ್ಬರೇ ಎದ್ದು ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳಿ ಎಂದರು. ಎಲ್ಲರ ಮುಖವೂ ಸ್ತೋತ್ರಕ್ಕನ ಕಡೆ ತಿರುಗಿತು. ಆ ಸಭೆಯಲ್ಲಿ ಮೊದಲ ಸಾಕ್ಷಿ ಯಾವತ್ತೂ ಅವಳದೇ.

ಎದ್ದು ನಿಂತಳು. ಬಾಯಿ ತೆರೆದಳು. ಸುಟ್ಟ ಬೆರಳಿಗೂ ಓಡೋಡಿ ಬಂದ ಆ ಮಾತು ಈಗ ಜಪ್ಪಯ್ಯ ಅಂದರೂ ಬರಲೊಲ್ಲದು. ಪಕ್ಕದ ಅಜ್ಜಿ “ನೀರು ಬೇಕಾ?” ಎಂದು ಪಿಸುಗುಟ್ಟಿದಳು. ಸ್ತೋತ್ರಕ್ಕ ಬೇಡವೆಂದು ತಲೆಯಾಡಿಸಿದಳು.

“ಅಯ್ಯನವರೇ, ಮರೆಯೋಕೆ ಆಗ್ತಿಲ್ಲ. ನಂಗೆ ನನ್ನ ತಂಗಿ ಬೇಕು. ಅವಳು ದೂರ ಆಗಿದ್ದಕ್ಕೆ ನಾನು ಸ್ತೋತ್ರ ಹೇಳಲ್ಲ. ಇಷ್ಟು ವರ್ಷ ಹೇಳಿದೆನಲ್ಲ, ಅದು ಸುಳ್ಳು.”

ಅಯ್ಯನವರು ಪೀಠದಿಂದ ಇಳಿದು ಅವಳ ಬೆಂಚಿನ ಹತ್ತಿರ ಬಂದರು. “ಅಮ್ಮ, ಇದಕ್ಕೆ ಏನು ಹೇಳ್ಬೇಕೋ ನಂಗೂ ಗೊತ್ತಿಲ್ಲ. ಆದ್ರೆ ಇದನ್ನ ನಮಗೆ ಹೇಳಿ ಏನು ಬಂತು? ಅವರಿಗೆ ಹೇಳಿದ್ದೀರಾ?”

“ಇಲ್ಲ.”

“ಮತ್ತೆ ಇಲ್ಲೇನು ಮಾಡ್ತಿದ್ದೀರಿ? ಹೋಗಿ.”

ಪ್ರಸಂಗದಲ್ಲಿ ಏನೇ ಬಡಬಡಿಸಿರಲಿ, ಈ ಒಂದು ಮಾತಿಗೆ ಆ ಅಯ್ಯನವರಿಗೆ ಕೈ ಮುಗಿಯಬೇಕು. ಸ್ತೋತ್ರಕ್ಕ ಕೊನೆಯ ಹಾಡಿಗೂ ಕಾಯದೆ ಹೊರನಡೆದಳು. ನೆಟ್ಟಗೆ ತಂಗಿಯ ಮನೆಗೆ ಹೋಗಿ ಕದ ತಟ್ಟಿದಳು.

ತಂಗಿಯೇ ಬಾಗಿಲು ತೆಗೆದಳು. “ಮಲಗಿದ್ದಾಳೆ ಅನ್ನೋಕೆ ಇವತ್ತು ಮನೇಲಿ ಯಾರೂ ಇಲ್ಲ” ಎಂದಳು.

“ಒಂದೇ ಮಾತು, ಹೇಳಿ ಹೋಗ್ತೀನಿ,” ಎಂದಳು ಅಕ್ಕ. “ಅವತ್ತು ಅದು ನನ್ನ ಬಾಯಿಂದ ಬಂತು, ಮನಸ್ಸಿಂದ ಬರಲಿಲ್ಲ. ಆ ಮಗು ನಂಗೂ ಬೇಕಾಗಿತ್ತು ಕಣೇ.”

ತಂಗಿಯ ಗದ್ದ ಅದುರಿತು. “ಹಾಗಂತ ಅವತ್ತೇ ಯಾಕೆ ಹೇಳ್ಲಿಲ್ಲ? ಒಳಗೆ ಬಂದು ನನ್ನ ಪಕ್ಕ ಬಿದ್ದು ಅಳೋಕೆ ಏನಾಗಿತ್ತು ನಿಂಗೆ? ಆಮೇಲೂ ಬಂದು ಇದೇ ಬಾಗಿಲಲ್ಲಿ ನಿಂತು, ‘ಊಟ ಮಾಡಿದ್ಲಾ? ಸ್ತೋತ್ರ’ ಅಂದು ಹೋಗ್ತಿದ್ದೆ. ಒಳಗೆ ಎಲ್ಲಾ ಕೇಳಿಸ್ತಿತ್ತು ನಂಗೆ. ದೇವರಿಗೆ ಬೇಕಾದಷ್ಟು ಬೈದಿದ್ದೀನಿ. ನಿಂಗೆ ಬೈಯೋಕೆ ಮಾತ್ರ ಬಾಯೇ ಬರಲಿಲ್ಲ.”

“ಈಗ ಬೈ.”

ಬೈದಳು ನೋಡಿ! ಕಲ್ಲುಮನಸ್ಸಿನವಳೇ ಎಂದಳು, ಬಾಯಿಬಡುಕಿ ಎಂದಳು, ಸಭೆಯವರು ಸಾಕಿದ ಗಿಣಿ ಎಂದಳು. ಕೂಸು ಸತ್ತಾಗ ಬರದ ಅಳು ಈಗ ಬಂತು. ಅಳುತ್ತಾ ಬೈದಳು, ಬೈಯುತ್ತಾ ಅತ್ತಳು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಸ್ತೋತ್ರಕ್ಕ ಕದಲಲಿಲ್ಲ. ಈ ದನಿಗಾಗಿ ಅವಳು ಎಷ್ಟು ಹಸಿದಿದ್ದಳೆಂದರೆ, ಎಲ್ಲಿ ಒಂದು ಬೈಗುಳ ತಪ್ಪಿಹೋದೀತೋ ಎಂದು ಕಣ್ಣೀರನ್ನೂ ಒರೆಸಿಕೊಳ್ಳದೆ ನಿಂತಿದ್ದಳು.

ಕಡೆಗೆ ತಂಗಿ ಏದುಸಿರು ಬಿಡುತ್ತಾ ಸುಮ್ಮನಾದಳು. ಒಳಗೆ ಬಾ ಎನ್ನಲಿಲ್ಲ. ಬಾಗಿಲನ್ನೂ ಹಾಕಲಿಲ್ಲ.

“ನಾಳೆ ಕೆಲಸ ಮುಗಿಸ್ಕೊಂಡು ಬರ್ಲಾ?” ಎಂದಳು ಅಕ್ಕ.

“ಯಾಕೆ?”

“ಬೈಸ್ಕೊಳ್ಳೋಕೆ.”

ತಂಗಿ ಮುಂಗೈಯಿಂದ ಮೂಗು ಒರೆಸಿಕೊಂಡಳು.

“ಬಾ. ಇನ್ನೂ ಬೇಕಾದಷ್ಟಿದೆ.”