ಅಡುಗೆ ಮಾಡಬಾರದ ಅಡುಗೆಯವಳು

ಸಿದ್ದಗಂಗಮ್ಮನ ಕಣ್ಣೆದುರು ಯಾರೂ ಹಸಿದು ಕೂರುವಂತಿಲ್ಲ, ಹೊಟ್ಟೆ ತುಂಬಿತು ಎಂದು ಏಳುವಂತೆಯೂ ಇಲ್ಲ. ಮಧುಗಿರಿಯ ಹಾಸ್ಟೆಲೊಂದರಲ್ಲಿ ಅಡುಗೆಗಿದ್ದಷ್ಟು ವರ್ಷವೂ ಆಕೆ ಹುಡುಗರನ್ನು ಹೆಗಲು ಅದುಮಿ ಕೂರಿಸಿ ಬಡಿಸಿದವಳು. ಅವಳ ಕೈಯಲ್ಲಿ ಉಂಡು ಬೆಳೆದ ಹುಡುಗನೊಬ್ಬ ಈಗ ಖಾಸಗಿ ಬಸ್ಸಿನ ಕಂಡಕ್ಟರು. ಆಕೆ ಬಸ್ಸು ಹತ್ತಿದರೆ ಟಿಕೆಟ್ ಹರಿಯುವ ಮೊದಲೇ ನನ್ನದು ಊಟ ಆಯ್ತು ಎಂದು ಹೇಳಿಬಿಡುತ್ತಾನೆ, ಎಲ್ಲಿ ಬುತ್ತಿ ಬಿಚ್ಚಿಬಿಡುತ್ತಾಳೋ ಎಂಬ ಭಯಕ್ಕೆ.

ಇಂಥವಳು ಕೆಲಸ ಮುಗಿಸಿ ಮನೆಯಲ್ಲಿ ಕೂತರೆ ಸೊಸೆಯ ಗತಿ ಏನಾಗಬೇಡ? ಸೊಸೆಯೇ ಓಡಾಡಿ ಅತ್ತೆಗೆ ಇನ್ನೊಂದು ಕೆಲಸ ಹುಡುಕಿದಳು. ಬೆಟ್ಟದ ಬುಡದ ಬಡಾವಣೆಯಲ್ಲಿ ಒಂದು ಮನೆ ತೆರೆದಿತ್ತು. ಆಟಿಸಂ ಇರುವ, ವಯಸ್ಸಿಗೆ ಬಂದ ಹುಡುಗರು ಅಲ್ಲಿದ್ದುಕೊಂಡು ಅಡುಗೆ, ಬಟ್ಟೆ, ಅಂಗಡಿ, ಬಸ್ಸು ಎಲ್ಲವನ್ನೂ ತಾವೇ ನಿಭಾಯಿಸಲು ಕಲಿಯುತ್ತಿದ್ದರು. ನಡೆಸುತ್ತಿದ್ದವಳು ಶಿರಾದ ಫರೀಹಾ. ಮಾತು ಮೆದು, ಪಟ್ಟು ಗಟ್ಟಿ. ಮೊದಲ ದಿನ ಸಿದ್ದಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತದ್ದೇ ತಡ, ಫರೀಹಾ ಬಂದು, ನೀವು ಇಲ್ಲಿ ಅಡುಗೆ ಕಲಿಸಬೇಕು, ಮಾಡಬಾರದು ಎಂದಳು. ಸಂಬಳ ಕೊಟ್ಟು ಅಡುಗೆಯವಳನ್ನು ಕೈಕಟ್ಟಿ ನಿಲ್ಲಿಸುವ ಮನೆಯನ್ನು ಸಿದ್ದಗಂಗಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಆಕೆಯ ಪಾಲಿಗೆ ಬಂದವನು ಅಂಜನ್ ಕುಮಾರ್, ಪಾವಗಡದ ಕಡೆಯ ಬಲಸಮುದ್ರದವನು. ಇಪ್ಪತ್ತು ದಾಟಿದ ಎತ್ತರದ ಆಳು. ಮಾತು ಬೇಕಾದಷ್ಟೇ. ಯಾರ ಮುಖವನ್ನೂ ನೋಡುವುದಿಲ್ಲ, ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಾನೆ. ಆದರೆ ರಂಗೇಶನ ಶಾಮಿಯಾನ ಅಂಗಡಿಯಲ್ಲಿ ಮದುವೆ ಮನೆಗಳಿಂದ ಬಂದ ಪಾತ್ರೆಪಗಡೆ ತೊಳೆದು ಜೋಡಿಸುವ ಕೆಲಸವೆಂದರೆ ಅವನಿಗೆ ಪ್ರಾಣ. ಆ ಕೆಲಸ ಉಳಿಯಬೇಕಾದರೆ ಅವನು ಮಧುಗಿರಿಯಲ್ಲೇ ಉಳಿಯಬೇಕಿತ್ತು.

ಅವನ ತಾಯಿ ರಾಧಾಮಣಿಗೆ ಮಾತ್ರ ಈ ಏರ್ಪಾಡು ಒಗ್ಗಿರಲಿಲ್ಲ. ಮಗನಿಗೆ ಇಷ್ಟು ವರ್ಷವೂ ತುತ್ತು ಕಲಸಿ ಕೈಗಿಟ್ಟವಳು ಅವಳು. ತಾನು ಹೋದ ಮೇಲೆ ಇವನಿಗೆ ಯಾರು ಎಂಬ ಚಿಂತೆ ಅವಳನ್ನು ಇಲ್ಲಿಗೆ ಕರೆತಂದಿತ್ತು. ಅಲ್ಲಿ ಹಸಿದಿದ್ದಾನೋ ಏನೋ ಎಂಬ ಚಿಂತೆ ವಾಪಸು ಎಳೆಯುತ್ತಿತ್ತು. ಯುಗಾದಿ ಕಳೆದು ಬರುತ್ತೇನೆ, ಅಷ್ಟರಲ್ಲಿ ಅವನ ಊಟ ಅವನೇ ಮಾಡಿಕೊಂಡು ಉಂಡರೆ ಸರಿ, ಇಲ್ಲವಾದರೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋದಳು.

ಅದೇನು ಮಹಾ, ಎಂದುಕೊಂಡಳು ಸಿದ್ದಗಂಗಮ್ಮ. ಅಂಜನ್ ಚುರುಕಾಗಿಯೇ ಕಲಿತ. ಎಸರು ಕುದಿಸಿದ, ರಾಗಿ ಹಿಟ್ಟು ಹಾಕಿದ, ಬೆಂದ ಮೇಲೆ ಒಲೆ ಆರಿಸಿದ, ಇಕ್ಕಳದಲ್ಲಿ ಪಾತ್ರೆ ಹಿಡಿದು ಕೋಲು ಕೈಗೆತ್ತಿಕೊಂಡ. ಅಲ್ಲಿಗೆ ಬಂದಾಗ ಸಿದ್ದಗಂಗಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಹಿಟ್ಟು ಗಂಟಾಗುವುದನ್ನು ನೋಡಿಕೊಂಡು ನಿಲ್ಲುವ ಜೀವವೇ ಅದು? "ಇತ್ಲಾಗ್ ಕೊಡ್ಲಾ, ಒಂದೇ ಸುತ್ತು," ಎಂದು ಕೋಲು ಕಿತ್ತುಕೊಂಡು ನಾಲ್ಕು ಸಲ ತಿರುವಿ, ನುಣ್ಣಗಿನ ಮುದ್ದೆ ಕಟ್ಟಿಬಿಡುತ್ತಿದ್ದಳು. ದಿನವೂ ಇದೇ ಕತೆ. ಫರೀಹಾ ಕಂಡು ಬೇಡ ಎಂದರೆ, ಆಯ್ತು ಕಣಮ್ಮ ಎಂದು ತಲೆಯಾಡಿಸಿ ಮಾರನೇ ದಿನ ಮತ್ತೆ ಒಂದೇ ಸುತ್ತು.

ಹೀಗಿರುವಾಗ ಕೊರಟಗೆರೆಯಲ್ಲಿ ತಮ್ಮನ ಮಗನ ಬೀಗರೂಟ ಬಂತು. ಆಕೆ ಹೋಗಿ ಚೆನ್ನಾಗಿ ಉಂಡು, ಉಳಿದವರಿಗೂ ಬಲವಂತ ಮಾಡಿ ಬಡಿಸಿ ವಾಪಸು ಬಂದರೆ ಫರೀಹಾಳ ಮುಖ ಬಾಡಿತ್ತು. ಅಂಜನ್ ಎಲ್ಲವನ್ನೂ ಮಾಡಿ, ಒಲೆ ಆರಿಸಿ, ಕೋಲು ಹಿಡಿದು ನಿಂತೇ ಇದ್ದನಂತೆ. ತಿರುವಪ್ಪ ಎಂದರೆ, ಈಗ ಸಿದ್ದಗಂಗಮ್ಮ ಬರ್ತಾರೆ ಎಂದನಂತೆ. ಹಿಟ್ಟು ಕಲ್ಲಾಯಿತು, ಅವನು ಬರಿ ಹೊಟ್ಟೆಯಲ್ಲಿ ಅಂಗಡಿಗೆ ಹೋದ.

"ನೀರು, ಹಿಟ್ಟು, ಕೋಲು, ಸಿದ್ದಗಂಗಮ್ಮ," ಎಂದಳು ಫರೀಹಾ. "ಮುದ್ದೆಗೆ ನೀವೂ ಒಂದು ಸಾಮಾನು ಅಂತ ಅವ್ನಿಗೆ ನೀವೇ ಕಲಿಸಿದ್ದೀರ ಅಮ್ಮ."

ಸಿದ್ದಗಂಗಮ್ಮನಿಗೆ ಆ ಮಾತು ನಾಟಿತು. ಹಿತ್ತಿಲಲ್ಲಿ ಕೂತು ಸೆರಗಿನಲ್ಲಿ ಮೂಗೊರೆಸಿಕೊಂಡಳು. ತಾನು ಒಂದು ಸುತ್ತು ತಿರುವಿದ್ದು ಅವನಿಗಾಗಿಯಲ್ಲ, ತನ್ನ ಕೈಯ ತುರಿಕೆಗೆ ಎಂಬುದು ಅವಳಿಗೆ ಅರ್ಥವಾಯಿತು. ಯುಗಾದಿ ಹತ್ತಿರ ಬಂದಿತ್ತು.

ಅಂದಿನಿಂದ ಆಕೆ ಹಿಂದೆ ಸರಿಯತೊಡಗಿದಳು. ಮೊದಮೊದಲು ಕೈಗೆ ಸೆರಗು ಸುತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು. ಆಮೇಲೆ ಜಗಲಿಗೆ ಬಂದಳು. ಕೊನೆಗೆ ಎದುರಿನ ಟೀ ಅಂಗಡಿಯ ಬೆಂಚಿಗೆ ಹೋಗಿ ಕೂತಳು. ಅಂಜನ್ ಅಲ್ಲಿಗೂ ಬಂದ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಕೋಲು ಹಿಡಿದು ಎದುರು ನಿಂತ. ಟೀ ಕುಡಿಯುತ್ತಿದ್ದವರೆಲ್ಲ ಪಿಳಿಪಿಳಿ ನೋಡಿದರು.

"ನಾನ್ ಬರಕಿಲ್ಲ ಕಣ್ಲಾ," ಎಂದು ಆಕೆ ಲೋಟದೊಳಗೆ ಮುಖ ಇಟ್ಟಳು.

ಅವನು ನಿಂತು ನಿಂತು ಹೋದ. ಅವತ್ತು ಇಬ್ಬರೂ ಉಣ್ಣಲಿಲ್ಲ. ಎಂಥ ಕಲ್ಲೆದೆಯಪ್ಪಾ ಈ ಹೆಂಗಸಿನದು ಎಂದು ಯಾರೋ ಅಂದಿದ್ದಕ್ಕೆ ಸಿದ್ದಗಂಗಮ್ಮ ಇಡೀ ಅಂಗಡಿಗೆ ಕೇಳುವಂತೆ ಹಾಗಂದವನ ಜನ್ಮ ಜಾಲಾಡಿದಳು. ಆಮೇಲೆ ಅಂಜನ್ ಒಂದು ದಿನ ತಾನೇ ತಿರುವಿದರೆ ಇನ್ನೊಂದು ದಿನ ಮತ್ತೆ ಅವಳನ್ನು ಹುಡುಕಿಕೊಂಡು ಬರುತ್ತಿದ್ದ. ನಂಬುವ ಹಾಗಿರಲಿಲ್ಲ.

ಯುಗಾದಿ ಕಳೆದದ್ದೇ ರಾಧಾಮಣಿ ಬಂದೇಬಿಟ್ಟಳು, ಮಗನ ಬಟ್ಟೆಗೆಂದು ಖಾಲಿ ಚೀಲ ಹಿಡಿದುಕೊಂಡೇ. ಅಂಜನ್ ಒಳಗೆ ಒಲೆ ಹೊತ್ತಿಸಿದ್ದ. ಇಬ್ಬರು ಹೆಂಗಸರು ನಡುಮನೆಯಲ್ಲಿ ಕೂತು ಸದ್ದು ಕೇಳುತ್ತಿದ್ದರು. ಒಲೆ ಆರಿತು. ಆಮೇಲೆ ಸದ್ದೇ ಇಲ್ಲ. ಅವನು ಕೋಲು ಹಿಡಿದು ಬಾಗಿಲಿಗೆ ಬಂದ, ಸಿದ್ದಗಂಗಮ್ಮನ ಕೈಯನ್ನೇ ನೋಡುತ್ತ ನಿಂತ.

"ರಾ ನಾನ್ನಾ, ಬಾರಪ್ಪ, ಇತ್ಲಾಗ್ ಕೊಡು," ಎಂದು ತಾಯಿ ಎದ್ದೇಬಿಟ್ಟಳು.

ಸಿದ್ದಗಂಗಮ್ಮ ಅವಳ ಕೈ ಹಿಡಿದುಕೊಂಡಳು. "ಕುಂತ್ಕಳವ್ವ, ನಿನ್ ದಮ್ಮಯ್ಯ ಅಂತೀನಿ." ಹಿಡಿದದ್ದು ರಾಧಾಮಣಿಯ ಕೈಯನ್ನು, ತಡೆದದ್ದು ತನ್ನನ್ನು.

ಅಂಜನ್ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದ. ಪಾತ್ರೆಗೆ ಕೋಲು ಬಡಿಯುವ ಸದ್ದು ಶುರುವಾಯಿತು. ಅದು ನಿಲ್ಲುವವರೆಗೆ ಸಿದ್ದಗಂಗಮ್ಮ ಹಿಡಿದ ಕೈ ಬಿಡಲಿಲ್ಲ.

ಹೊರಗೆ ಬಂದವನ ತಟ್ಟೆಯಲ್ಲಿ ಒಂದೇ ಮುದ್ದೆ, ಸೊಟ್ಟಗೆ, ಮೈಯೆಲ್ಲ ಗಂಟು. ಮೇಲೆ ಹುರುಳಿ ಸಾರು. ಗೋಡೆಗೆ ಒರಗಿ ಕೂತು ಪೂರ್ತಿ ಉಂಡು, ತಟ್ಟೆ ತೊಳೆದಿಟ್ಟ. ಬೆಳಗಿನಿಂದ ಏನೂ ತಿನ್ನದೆ ಬಸ್ಸಿನಲ್ಲಿ ಬಂದಿದ್ದ ರಾಧಾಮಣಿ ಎಲ್ಲವನ್ನೂ ನೋಡುತ್ತಿದ್ದವಳು ಮೆಲ್ಲಗೆ, ನಂಗೆ? ಎಂದು ಕೇಳಿದಳು.

"ಹಿಟ್ಟು ಡಬ್ಬದಾಗೈತೆ," ಎಂದ ಅಂಜನ್. "ಮಾಡ್ಕೋ."

ರಾಧಾಮಣಿಗೆ ನಗು ಬಂತು, ನಗುತ್ತಿದ್ದಂತೆಯೇ ಅಳು ಬಂತು. ಕಣ್ಣೊರೆಸಿಕೊಂಡು ಎದ್ದು ಹೋಗಿ ಎಸರಿಟ್ಟಳು. ಸಿದ್ದಗಂಗಮ್ಮ ಕೂತ ಜಾಗದಿಂದ ಅಲುಗಲಿಲ್ಲ. ಅಂಗಡಿಗೆ ಹೊತ್ತಾಗಿತ್ತು, ಅಂಜನ್ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ನಿಂತ.

"ಅಮ್ಮ, ಉಂಡ್ಮೇಲೆ ತಟ್ಟೆ ತೊಳ್ದಿಕ್ಬುಟ್ಟು ಊರಿಗ್ ಹೋಗು," ಎಂದು ಹೇಳಿ ಕೆಲಸಕ್ಕೆ ಹೋದ.

ರಾಧಾಮಣಿ ಉಂಡಳು, ತಟ್ಟೆ ತೊಳೆದಿಟ್ಟಳು. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಪಾವಗಡದ ಬಸ್ಸಿಗೆ ಒಬ್ಬಳೇ ಹೊರಟಳು.