ಒಂದೂವರೆ ಎಳೆಯ ಬತ್ತಿ

ಅಪ್ಪನ ಅಕ್ಕ, ನಮ್ಮ ಮೈದೇಯಿ ತೇತೆ, ಆ ಅಕ್ಟೋಬರ್ ಮುಗಿಯುತ್ತ ಬರುವವರೆಗೂ ಕೂತು ಒಂದು ಲೋಟ ಚಹಾ ಮುಗಿಸಿದ್ದನ್ನು ನಾನು ನೋಡಲಿಲ್ಲ. ಲೋಟ ಕಿಟಕಿಕಟ್ಟೆಯ ಮೇಲೆ ಆರಿ ಕೆನೆಗಟ್ಟುತ್ತಿತ್ತು. ಅವರು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗಡಿಯಾರದ ಮುಂದಕ್ಕೆ ನಡೆಯುತ್ತಲೇ ಇರುತ್ತಿದ್ದರು. ಅಂಗಳದ ತುಂಬ ಜಕರಂಡಾ ಹೂ ಉದುರಿ ನೀಲಿಯಾಗಿತ್ತು. ಅದರ ನಡುವೆ ಅವರ ಚಪ್ಪಲಿ ತುಳಿದು ತುಳಿದು ಒಂದು ಕಾಲುದಾರಿ ಮೂಡಿತ್ತು.

ಆಗಸ್ಟಿನಲ್ಲಿ ಅವರ ಗಂಡ ಜೋರಂ ತೀರಿಕೊಂಡಿದ್ದರು. ನಮ್ಮ ಊರು ಮುತಾರೆಯ ಮೇಣದಬತ್ತಿ ಕಾರ್ಖಾನೆಯೊಂದರಲ್ಲಿ ಇಬ್ಬರೂ ದುಡಿದವರು. ಜೋರಂ ಮೇಣ ಕರಗಿಸುವ ಕೊಪ್ಪರಿಗೆಯ ಬಳಿ, ತೇತೆ ಅಚ್ಚುಗಳಿಗೆ ಬತ್ತಿ ಪೋಣಿಸುವ ಉದ್ದನೆಯ ಮೇಜಿನಲ್ಲಿ. ಹತ್ತೊಂಬತ್ತು ವರ್ಷ. ಕಾರ್ಖಾನೆ ಮುಚ್ಚಿದ ದಿನ ಮೇಲ್ವಿಚಾರಕ ಬತ್ತಿದಾರದ ಒಂದು ಉರುಳೆಯನ್ನು ತೇತೆಯ ಕೈಗಿಟ್ಟಿದ್ದ. ಅವರು ಅದನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಜೋರಂರ ದೇಹವನ್ನು ಮನೆಗೆ ತಂದ ದಿನ ತಲೆದೆಸೆಯಲ್ಲಿ ಹಚ್ಚಿಟ್ಟ ದೀಪ ಮೂರು ಸಲ ಆರಿತು. ಗಾಳಿಗೋ, ಅಂಗಡಿಯ ಮೇಣದ ಕೊಳಕಿಗೋ. ಮೂರನೆಯ ಸಲ ಜೋರಂರ ಅಕ್ಕ ಎವಲಿನ್ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು: "ಹತ್ತೊಂಬತ್ತು ವರ್ಷ ಬತ್ತಿ ಮುಟ್ಟಿದ ಕೈ. ಗಂಡನ ತಲೆ ಹತ್ರ ಒಂದು ದೀಪ ನಿಲ್ಲಿಸೋಕೆ ಆಗ್ಲಿಲ್ಲ ನಮ್ಮ ಮುರೋರಾಗೆ."

ಮುರೋರಾ ಎಂದರೆ ಮನೆಗೆ ತಂದ ಸೊಸೆ. ನಲವತ್ತು ವರ್ಷದ ಮೇಲೂ ಆ ಹೆಸರು ಹೋಗುವುದಿಲ್ಲ.

ಹಾಗಾಗಿ ಅಕ್ಟೋಬರಿನ ಕೊನೆಯ ಶನಿವಾರ ನಡೆಯಬೇಕಿದ್ದ ಸ್ಮರಣೆಯ ಪ್ರಾರ್ಥನೆಗೆ ತೇತೆ ಒಂದು ನಿಶ್ಚಯ ಮಾಡಿದ್ದರು. ನಲವತ್ತು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ತಾವೇ ಮಾಡಿದ ಒಂದು ಪುಟ್ಟ ದೀಪ. ಮೊದಲ ಪ್ರಾರ್ಥನೆಗೆ ಹಚ್ಚಿದ್ದು ಕೊನೆಯ ಹಾಡಿನವರೆಗೆ ಉರಿಯಬೇಕು. ನಮ್ಮವರ ಪ್ರಾರ್ಥನೆ ಅಂದರೆ ಮೂರು ಗಂಟೆಗೆ ಕಡಿಮೆಯಿಲ್ಲ.

ಕಾರ್ಖಾನೆಯ ಮೇಣ ಬೇಡವೆಂದರು. ಜೋರಂರ ಎದೆಯನ್ನು ತಿಂದದ್ದು ಆ ಹೊಗೆಯೇ ಎಂದು ಅವರು ನಂಬಿದ್ದರು. ಪೇಟೆಯಿಂದ ಸೋಯಾ ಮೇಣದ ಚೂರುಗಳನ್ನು ತಂದರು. ಲಾಡ್ಜಿನಲ್ಲಿ ಕೆಲಸ ಮಾಡುವ ನನ್ನ ಗೆಳತಿ ಅಲ್ಲಿ ಉರಿದು ಮುಗಿದ ಪುಟ್ಟ ಮೇಣದೀಪಗಳ ಖಾಲಿ ತಗಡಿನ ಬಟ್ಟಲುಗಳನ್ನು ಚೀಲದಲ್ಲಿ ತುಂಬಿಕೊಟ್ಟಳು. ಬತ್ತಿ ಮಾತ್ರ ಆ ಉರುಳೆಯದೇ.

"ಸೋಯಾಗೆ ಬತ್ತಿ ದಪ್ಪ ಬೇಕಂತೆ, ತೇತೆ. ಅಂಗಡಿಯವಳು ಹೇಳಿದ್ಲು," ಎಂದೆ.

"ಅವಳು ಹುಟ್ಟೋಕೆ ಮುಂಚೆ ನಾನು ಬತ್ತಿ ಕತ್ತರಿಸ್ತಿದ್ದೆ, ಯೆಮು. ನೀನು ಬಟ್ಟಲು ಒರೆಸು."

ಪಾತ್ರೆಯೊಳಗೆ ಪಾತ್ರೆಯಿಟ್ಟು ಮೇಣ ಕರಗಿಸಿ, ಬಟ್ಟಲಿನ ನಡುಮಧ್ಯೆ ಬತ್ತಿ ನಿಲ್ಲಿಸಿ ಹೊಯ್ದೆವು. ಮರುದಿನ ಬೆಳಿಗ್ಗೆ ಒಂದನ್ನು ಹಚ್ಚಿದರೆ ಚೆನ್ನಾಗಿಯೇ ಉರಿಯಿತು. ತೇತೆ ನನ್ನನ್ನು ನೋಡಿದ ನೋಟದಲ್ಲಿ ಅಂಗಡಿಯವಳಿಗೂ ಒಂದು ಪಾಲಿತ್ತು. ಕಾರ್ಖಾನೆಯಲ್ಲಿ ಬೆಳಿಗ್ಗೆ ಹೊಯ್ದದ್ದು ಸಂಜೆಗೆ ಡಬ್ಬಿ ಸೇರುತ್ತಿತ್ತು. ಮೇಣ ಗಟ್ಟಿಯಾಯಿತು ಎಂದರೆ ಕೆಲಸ ಮುಗಿಯಿತು ಎಂದೇ ಅವರ ಕೈ ಕಲಿತಿತ್ತು.

ಹತ್ತು ದಿನ ಕಳೆದ ಮೇಲೆ, ಸುಮ್ಮನೆ ಕಣ್ತುಂಬ ನೋಡಲೆಂದು, ಇನ್ನೊಂದನ್ನು ಹಚ್ಚಿದರು. ಜ್ವಾಲೆ ಹುರುಳಿಕಾಳಿನಷ್ಟಾಯಿತು. ಸುತ್ತ ಕರಗಿದ ಮೇಣ ಒಂದು ಸಣ್ಣ ಕೊಳವಾಗಿ ನಿಂತಿತು, ಅಂಚಿನದು ಕರಗಲೇ ಇಲ್ಲ. ನಲವತ್ತು ನಿಮಿಷಕ್ಕೆ ಬತ್ತಿ ಆ ಕೊಳದಲ್ಲಿ ಮುಳುಗಿ ಆರಿತು. ಇನ್ನೆರಡು ಹಚ್ಚಿದರು. ಅವೂ ಹಾಗೆಯೇ. ಸೋಯಾ ಮೇಣ ಹೊಯ್ದ ಮೇಲೂ ದಿನದಿನ ಒಳಗೊಳಗೇ ಬಿಗಿಯುತ್ತದೆ ಎಂಬುದು ಆಗ ತಿಳಿಯಿತು. ಶನಿವಾರಕ್ಕೆ ಒಂಬತ್ತು ದಿನವಿತ್ತು.

ಅಂದಿನಿಂದ ಅವರು ಕೂರಲಿಲ್ಲ. ಕಾಯಿಸಿದ ಸೂಜಿಯಿಂದ ಹಳೆಯ ಬತ್ತಿ ಕಿತ್ತು, ಅದೇ ಬಿಗಿದ ಮೇಣದಲ್ಲಿ ಎರಡು ಬತ್ತಿ ಜೋಡಿಸಿ ಹೊಸೆದು ನಿಲ್ಲಿಸಿದರು. ಜ್ವಾಲೆ ಹೆಬ್ಬೆರಳುದ್ದ ಎದ್ದು ಕುಣಿಯಿತು. ತುದಿಯಲ್ಲಿ ಕಪ್ಪು ಅಣಬೆ ಕಟ್ಟಿತು, ಗೋಡೆಗೆ ಮಸಿ ಹತ್ತಿತು. ಎರಡು ಗಂಟೆಯೊಳಗೆ ಮೇಣವೆಲ್ಲ ಖಾಲಿ. ತೇತೆ ಮಸಿಯನ್ನು ಬೆರಳಲ್ಲಿ ಒರೆಸಿ ಬಹಳ ಹೊತ್ತು ಆ ಬೆರಳನ್ನೇ ನೋಡಿದರು.

ಆಗ ಮಾಚೆಕ ಬಂದರು. ಅವರು ಜೋರಂರ ಸಹ್ವೀರಾ. ಮದುವೆಯಲ್ಲಾಗಲಿ ಸಾವಿನಲ್ಲಾಗಲಿ ಮನೆಯವರನ್ನು ಗೇಲಿ ಮಾಡುವ ಹಕ್ಕುಳ್ಳ ಗೆಳೆಯ. ಅವರ ಅಪ್ಪ ಜೋರಂರ ಅಪ್ಪನಿಗೆ ಸಹ್ವೀರಾ ಆಗಿದ್ದರು. ಸಹ್ವೀರಾ ಹೇಳಿದ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ.

"ಚಿಹೇರಾ!" ಎಂದರು ಬಾಗಿಲಿಂದಲೇ. ನಮ್ಮ ಕುಲದ ಹೆಣ್ಣುಮಕ್ಕಳನ್ನು ಕರೆಯುವುದು ಹಾಗೆ. "ಮನೆ ಸುಡ್ತಾ ಇದ್ದೀಯೋ, ಸಡ್ಜಾ ಮುದ್ದೆ ಸೀಯಿಸ್ತಾ ಇದ್ದೀಯೋ?"

"ಬಾಯಿ ಮುಚ್ಕೊಂಡು ಕೂತ್ಕೋ, ಮಾಚೆಕ. ಒಂದು ಬತ್ತಿ ಹಾಕಿದ್ರೆ ಮುಳುಗಿ ಸಾಯುತ್ತೆ. ಎರಡು ಹಾಕಿದ್ರೆ ಈ ಹೊಗೆ."

ಅವರು ಬಗ್ಗಿ ಕುಣಿಯುವ ಜ್ವಾಲೆಯನ್ನು ನೋಡಿದರು. "ಅಯ್ಯೋ, ಇವನು ನಮ್ಮ ಜೋರಂನೇ! ಒಂದು ಬಾಟಲಿ ಬಿಯರ್ ಕುಡಿದ್ರೆ ಮೂಲೇಲಿ ಕೂತು ನಿದ್ದೆ. ಎರಡು ಕುಡಿದ್ರೆ ತಲೆ ದೊಡ್ಡದು, ಮಾತೆಲ್ಲ ಹೊಗೆ."

ನಾನು ನಕ್ಕೆ. ತೇತೆ ನಗಲಿಲ್ಲ. "ನೀನು ಅವರ ಬಾಟಲಿ ಕಸ್ಕೊಳ್ತಿದ್ದೆಯಲ್ಲ," ಎಂದರು.

"ಹೂಂ ಮತ್ತೆ. ಎರಡನೇದು ಅರ್ಧಕ್ಕೆ ಬಂದಾಗ ಕಸ್ಕೊಳ್ತಿದ್ದೆ. ಒಂದೂವರೆಗೆ ಸರಿಯಾಗಿರ್ತಿದ್ದ. ಬೆಳಗಿನ ತನಕ ಹಾಡ್ತಿದ್ದ."

ತೇತೆಯ ಕೈ ನಿಂತಿತು. ಉರುಳೆಯಿಂದ ಹೊಸ ಬತ್ತಿಯೊಂದನ್ನು ಎಳೆದು ಉಗುರಿನಿಂದ ಅದರ ಹೆಣಿಗೆ ಬಿಚ್ಚತೊಡಗಿದರು. ಸಣ್ಣ ಸಣ್ಣ ನೂಲುಗಳು ಬೇರೆಯಾದವು. ಎಣಿಸಿ ಅರ್ಧವನ್ನು ಬದಿಗಿಟ್ಟು, ಉಳಿದರ್ಧವನ್ನು ಇನ್ನೊಂದು ಇಡೀ ಬತ್ತಿಯ ಸುತ್ತ ಹೊಸೆದರು. ಬಿಗಿದ ಮೇಣದ ಬಟ್ಟಲೊಂದರಲ್ಲಿ ಅದನ್ನು ನಿಲ್ಲಿಸಿ ಹಚ್ಚಿದರು.

ನಾವು ಮೂವರೂ ಕಾದೆವು. ಮಾಚೆಕ ಕುರ್ಚಿಯಲ್ಲೇ ತೂಕಡಿಸಿದರು. ಒಂದು ಗಂಟೆಗೆ ಮೇಣ ಅಂಚಿನವರೆಗೂ ಕರಗಿ ತಿಳಿಯಾಯಿತು. ಜ್ವಾಲೆ ಬಾದಾಮಿಯಂತೆ ನಿಂತಿತ್ತು, ಅಲುಗದೆ. ಮೂರು ಗಂಟೆ ಐವತ್ತು ನಿಮಿಷ ಉರಿದು, ಬುಡದಲ್ಲಿ ಒಮ್ಮೆ ಮಿನುಗಿ ಆರಿತು.

"ಯೆಮು, ಕಿತ್ತು ಹಾಕು ಎಲ್ಲ ಬತ್ತಿ. ಮೇಣದ ಮೈ ಮುಟ್ಟಬೇಡ. ಸೂಜಿ ಕಾಯಿಸು."

ಮೂರು ದಿನ ನಮ್ಮ ಬೆರಳು ಸುಟ್ಟವು. ಪರೀಕ್ಷೆಗೂ ಕಿತ್ತು ಹಾಕಿದ ಬತ್ತಿಗಳಿಗೂ ದಾರ ಬಹಳ ಹೋಗಿತ್ತು. ಉರುಳೆ ಖಾಲಿಯಾಗುವಷ್ಟರಲ್ಲಿ ಒಂದೂವರೆ ಎಳೆಯ ದೀಪ ಮೂವತ್ತೊಂಬತ್ತೇ ಆದವು. ನಲವತ್ತನೆಯದಾಗಿ ಹಳೆಯ ಒಂಟಿ ಬತ್ತಿಯ ದೀಪವೊಂದನ್ನು ಕೀಳದೆ ಉಳಿಸಿಕೊಂಡರು. "ಇದು ನನ್ನ ಕುರ್ಚಿ ಮುಂದೆ. ಆರಿದ್ರೆ ಸೆರಗಲ್ಲಿ ಮುಚ್ಕೋತೀನಿ."

ಶನಿವಾರ ಮಧ್ಯಾಹ್ನ, ಚರ್ಚಿನ ಸಭಾಂಗಣಕ್ಕೆ ದೀಪಗಳ ತಟ್ಟೆ ಎತ್ತಿಕೊಂಡು ಹೋದವಳು ನಾನು. ಬಾಗಿಲಲ್ಲಿ ಯಾರೋ ಹೆಂಗಸರು ಕೈಯಿಂದ ತೆಗೆದುಕೊಂಡು ಹಂಚಿಬಿಟ್ಟರು. ಬಟ್ಟಲೆಲ್ಲ ಒಂದೇ ತರ, ಒಂಟಿ ಬತ್ತಿಯದು ಯಾರ ಮುಂದೆ ಹೋಯಿತೋ. ತೇತೆಗೆ ಹೋಗಿ ಹೇಳಿದೆ.

ಎರಡು ಗಂಟೆಗೆ ದೀಪ ಹಚ್ಚಿದರು. ಗಾಳಿಗೆ ಹೆದರಿ ಕಿಟಕಿ ಮುಚ್ಚಿದ್ದರಿಂದ ಸೆಕೆ ತಡೆಯಲಾರದೆ ಜನ ಹಾಡಿನ ಪುಸ್ತಕಗಳಿಂದ ಬೀಸಿಕೊಳ್ಳತೊಡಗಿದರು. ಪ್ರತಿ ಪುಸ್ತಕ ಆಡಿದಾಗಲೂ ತೇತೆಯ ಕುತ್ತಿಗೆ ಆ ಕಡೆ ತಿರುಗುತ್ತಿತ್ತು. ಅವರ ಮುಂದಿನ ದೀಪ ಬಾದಾಮಿಯಂತೆ ನಿಂತಿತ್ತು. ಹಾಗಾದರೆ ಒಂಟಿ ಬತ್ತಿಯದು ಬೇರೆಲ್ಲೋ ಇತ್ತು. ಪಾದ್ರಿ ಎರಡನೆಯ ಸಲ "ಕೊನೆಯದಾಗಿ" ಎಂದರು.

ನಲವತ್ತು ನಿಮಿಷಕ್ಕೆ ಸರಿಯಾಗಿ ಮೊದಲ ಸಾಲಿನಲ್ಲಿ ಒಂದು ದೀಪ ಆರಿತು. ಎವಲಿನ್ ಅವರ ಮುಂದಿನದು.

ಎವಲಿನ್ ಬಗ್ಗಿ ನೋಡಿ, ನಿಧಾನವಾಗಿ ತಿರುಗಿದರು. "ಇಲ್ಲೂ, ಮುರೋರಾ?"

ಪಾದ್ರಿಯ ಮಾತು ನಿಂತಿತು. ತೇತೆ ಎದ್ದು ನಿಂತಿದ್ದರು. ಕೂರಲೂ ಆಗದೆ, ಹೋಗಲೂ ಆಗದೆ.

ಹಿಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿತು. ಜೋರಂರದೇ ಕೆಮ್ಮು, ಎರಡು ಸಣ್ಣದು, ಒಂದು ಉದ್ದ. ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಜೋರಂರ ಕಂದು ಕೋಟು, ಜೋರಂರ ಟೋಪಿ ತೊಟ್ಟು, ಸತ್ತವರಂತೆ ಆಡಿ ತೋರಿಸುವ, ಸಹ್ವೀರಾನ ಪಾಲಿನ ಕೆಲಸ ಮಾಡಲು ಮಾಚೆಕ ನಡೆದು ಬಂದರು. ಆರಿದ ದೀಪ ಎತ್ತಿಕೊಂಡು ಎವಲಿನ್ ಮುಖದ ಮುಂದೆ ಹಿಡಿದರು.

"ಏನಕ್ಕಾ, ನನ್ನನ್ನ ಯಾಕೆ ಹಂಗೆ ನೋಡ್ತೀಯ? ಪಾದ್ರಿ ಎರಡನೇ ಸಲ 'ಕೊನೆಯದಾಗಿ' ಅಂದ ಮೇಲೆ ನಾನು ಯಾವತ್ತಾದ್ರೂ ಕೂತಿದ್ದೀನಾ? ಒಬ್ಬ ಎದ್ದು ಹೋದ್ರೆ ಏನಾಯ್ತು? ಉಳಿದ ಮೂವತ್ತೊಂಬತ್ತು ಜನ ಕೂತಿದ್ದಾರಲ್ಲ, ಪಾದ್ರಿ ಅವರಿಗೆ ಹೇಳ್ಲಿ ದೇವರ ವಿಷಯ!"

ಮೊದಲು ನಕ್ಕದ್ದು ಪಾದ್ರಿ. ಆಮೇಲೆ ಇಡೀ ಸಭಾಂಗಣ. ಎವಲಿನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಭುಜ ಕುಲುಕಿತು. ನಗುತ್ತಲೇ ಅಳತೊಡಗಿದರು. ತಮ್ಮನ ಕೋಟಿನ ತೋಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಮಾಚೆಕ ಆರಿದ ದೀಪವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಅಲ್ಲೇ ನಿಂತರು.

ಐದೂಕಾಲಿಗೆ ಕೊನೆಯ ಹಾಡು ಮುಗಿದಾಗ ಮೂವತ್ತೊಂಬತ್ತೂ ಉರಿಯುತ್ತಿದ್ದವು.

ಅಂಗಳದಲ್ಲಿ ಚಹಾ, ಬ್ರೆಡ್ಡು ಕೊಡುತ್ತಿದ್ದರು. ಎವಲಿನ್ ಇನ್ನೂ ಉರಿಯುತ್ತಿದ್ದ ದೀಪವೊಂದನ್ನು ಅಂಗೈಯಲ್ಲಿಟ್ಟುಕೊಂಡು ತೇತೆಯ ಪಕ್ಕ ಬಂದರು. ಅದರೊಳಗೆ ಇಣುಕಿ ನೋಡಿದರು.

"ಹೊಗೆ ಇಲ್ಲ," ಎಂದರು.

"ಇಲ್ಲ."

"ಯಾವ ಬತ್ತಿ ಹಾಕಿದ್ದೀಯ?"

"ಒಂದೂವರೆ," ಎಂದರು ತೇತೆ.

ಎವಲಿನ್ ಪಕ್ಕದ ಕುರ್ಚಿ ಎಳೆದುಕೊಂಡರು. ತೇತೆಯೂ ಕೂತರು. ಚಹಾ ಬಿಸಿಯಿರುವಾಗಲೇ ಕುಡಿದು ಮುಗಿಸಿದರು.